ಕಲ್ಲೇಶಿ ಎಂಟು ಕೋರನ್ನು ಪರೀಕ್ಷೆ ಮಾಡಿದ್ದು

ಹೇಳಿ ನೋಡೋಣ. ಒಂದು ಅವಲಕ್ಕಿ ಸರ. ತವರು ಮನೆಯವರು ಹಾಕಿದ್ದು. ಅಕ್ಕಸಾಲಿಗರಿಗೆ ಕೊಟ್ಟುಬಿಡೋಣ ಅಂತ ಬೆಳಿಗ್ಗೆ ಕೊರಳಿನಿಂದ ಬಿಚ್ಚಿ ಕರ್ಚೀಫಿನಲ್ಲಿ ಗಂಟು ಕಟ್ಟಿಟ್ಟದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಮತ್ತೆ ಅದೇ ಕೊರಳಿಗೆ ಬಂದು ಕೂತಿತು. ಹೇಗೆ?

"ಮನಸ್ಸು ಬದಲಾಯಿಸಿದರು" ಎನ್ನುತ್ತೀರಿ. ಸರಿ, ಬದಲಾಯಿಸಿದವರು ಯಾರು? ಮಗ ಬುದ್ಧಿ ಹೇಳಿದನೆ? ಹ್ಹ! ಆ ಮಗನ ಹತ್ತಿರ ಹೇಳುವಷ್ಟು ಬುದ್ಧಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇನ್ನೊಂದು ಸಲ ಊಹಿಸಿ. ಆಗಲಿಲ್ಲವೆ? ಬಿಡಿ, ನಾನೇ ಹೇಳುತ್ತೇನೆ. ಹೇಳದೆ ಇರುವುದು ನನ್ನ ಕೈಲೂ ಆಗುವುದಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ಗಂಟೆ ಹೊಡೆದರೂ ನಿಲ್ಲಿಸದ ಮೇಷ್ಟ್ರು ಅಂತಲೇ ನನಗೆ ಹೆಸರು.

ತಿಪಟೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಸರ್ವಮಂಗಳಮ್ಮನ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣದ ಕಾರ್ಡು, ಎಲ್ಲವನ್ನೂ ಆಕೆಯೇ ಕಂಪ್ಯೂಟರಿನಲ್ಲಿ ಟೈಪು ಮಾಡಿ ಅಚ್ಚು ಹಾಕಿಸಿ ಕೊಡುತ್ತಾಳೆ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಜಗಲಿಯ ಮೇಲೆ ನಾನು ಮತ್ತು ನನ್ನ ಪೇಪರು. ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಮೂರೇ: ಆ ಅಂಗಡಿ, ಆ ಅವಲಕ್ಕಿ ಸರ, ಮತ್ತೆ ಕಲ್ಲೇಶಿ.

ಕಲ್ಲೇಶಿ ಮಗ. ಆಳು ಬಾಗಿಲ ಮೇಲ್ಪಟ್ಟಿ ಮುಟ್ಟುತ್ತಾನೆ. ಮನಸ್ಸು ಹಾಲು. ಹೇಳಿದ ಮಾತು ಮೀರುವವನಲ್ಲ. ಅದೇ ಕಷ್ಟ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಒಂದು ಸಲ ಕರೆಂಟು ಹೋದಾಗ ತಾಯಿ, "ನಾನು ಬರೋವರ್ಗೂ ಏನೂ ಮುಟ್ಬೇಡ ಕಣೋ" ಅಂತ ಹೇಳಿ ಅರಸೀಕೆರೆಗೆ ಹೋದಳು. ಸಂಜೆ ಬಂದು ನೋಡಿದರೆ ಮಗರಾಯ ಅಂಗಡಿ ನಡುವೆ ಎರಡೂ ಕೈ ಎತ್ತಿಕೊಂಡು ನಿಂತಿದ್ದಾನೆ. ಮೂಗಿನ ಮೇಲೆ ನೊಣ.

"ಊಟ ಮಾಡ್ಲಿಲ್ವೇನೋ?"

"ತಟ್ಟೆ ಮುಟ್ಬೇಕಾಗಿತ್ತಲ್ಲಮ್ಮ!"

"ಆ ನೊಣನಾದ್ರೂ ಓಡಿಸ್ಬಾರ್ದಿತ್ತೇನೋ?"

"ಮೂಗು ಮುಟ್ಬೇಕಾಗಿತ್ತಲ್ಲಮ್ಮ!"

ಇಂಥ ಮಗ. ಈಗ ಕತೆಗೆ ಬನ್ನಿ.

ಧನುರ್ಮಾಸದಲ್ಲಿ ಮದುವೆ ಇಲ್ಲ, ಸರಿ. ಆದರೆ ಸಂಕ್ರಾಂತಿ ಕಳೆದ ಮೇಲಿನ ಮದುವೆಗಳ ಕಾರ್ಡೆಲ್ಲ ಆಗಲೇ ತಯಾರಾಗಬೇಕು. ಸರ್ವಮಂಗಳಮ್ಮನ ಅಂಗಡಿಯಲ್ಲಿ ಒಂದು ಕಾರ್ಡಿಗೆ ಅರ್ಧ ದಿನ ಹಿಡಿಯುತ್ತಿತ್ತು. ಬಂದವರೆಲ್ಲ ಕಂಪ್ಯೂಟರಿನ ಕಡೆ ಬೆರಳು ತೋರಿಸುವವರೇ. "ನಿಮ್ ಮಿಷನ್ನು ಹಳೇದಾಯ್ತು ಕಣಕ್ಕಾ. ಬರೀ ಎರಡು ಕೋರು. ಈಗೆಲ್ಲ ಎಂಟು ಕೋರು!" ಕೋರು ಅಂದರೇನು ಅಂತ ಕೇಳಿದರೆ ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎರಡಕ್ಕಿಂತ ಎಂಟು ಹೆಚ್ಚು, ಅಷ್ಟು ಗೊತ್ತು. ಅದು ನನಗೂ ಗೊತ್ತು.

ಕಂಪ್ಯೂಟರ್ ಮಾರುವ ರೇಣುಕಪ್ಪನ ಅಂಗಡಿ ಪಕ್ಕದ ಬೀದಿಯಲ್ಲೇ. ಎಂಟು ಕೋರಿನ ಮಿಷನ್ನು ತರಿಸಿಟ್ಟಿದ್ದ. ತಗೊಳ್ಳಬೇಕಾದರೆ ಸರ ಹೋಗಬೇಕು. ತಗೊಳ್ಳದಿದ್ದರೆ ಗಿರಾಕಿ ಹೋಗುತ್ತಾರೆ. ಸರ್ವಮಂಗಳಮ್ಮ ಸರ ಮುಟ್ಟಿಕೊಂಡಳು, ತನ್ನ ಹಳೇ ಮಿಷನ್ನು ನೋಡಿದಳು; ಮಿಷನ್ನು ಮುಟ್ಟಿದಳು, ಸರ ನೋಡಿಕೊಂಡಳು. ಕೊನೆಗೆ ಮಗನನ್ನು ಕರೆದಳು.

"ಕಲ್ಲೇಶೀ, ರೇಣುಕಪ್ಪನ ಅಂಗಡಿಗೆ ಹೋಗಿ ಆ ಎಂಟು ಕೋರಿಂದು ನೋಡ್ಕೊಂಡ್ ಬಾ. ಬಾಯಿ ಮಾತ್ರ ಬಿಡ್ಬೇಡ. ನೀನು ಬಾಯಿ ಬಿಟ್ರೆ ನಮ್ ಕತೆ ಮುಗೀತು!"

"ಆಗ್ಲಮ್ಮಾ!"

ಹೋದ. ಮಿಷನ್ನಿನ ಮುಂದೆ ನಿಂತ. ನೋಡಿದ. ನೋಡಿದ. ನೋಡುತ್ತಲೇ ಇದ್ದ. "ಬಾರಯ್ಯ ಕಲ್ಲೇಶಿ, ಏನು ಸಮಾಚಾರ?" ಅಂದ ರೇಣುಕಪ್ಪ. ಮಾತಿಲ್ಲ. "ಕಾಫಿ ಕುಡೀತೀಯ?" ಮಾತಿಲ್ಲ. ಕಾಫಿ ತರಿಸಿದ. ಬಾಯಿ ಬಿಡದೆ ಕಾಫಿ ಕುಡಿಯುವುದು ಹೇಗೆ? ಕಾಫಿಯನ್ನೂ ನೋಡಿದ. ಮನೆಗೆ ಬಂದ.

"ನೋಡಿದ್ಯೇನೋ?"

ತಲೆ ಆಡಿಸಿದ.

"ಹೆಂಗಿದ್ಯೋ?"

ತಲೆ ಆಡಿಸಿದ.

"ಬಾಯ್ ಬಿಡೋ ಮಾರಾಯ!"

"ಕಪ್ಪಗಿದೆ ಕಣಮ್ಮ!" ಅಂತ ಒಂದೇ ಉಸಿರಿಗೆ ಹೇಳಿದ. "ಕಾಫಿ ಆರೋಯ್ತು!"

ತಾಯಿ ಹಣೆ ಹಣೆ ಬಡಿದುಕೊಂಡಳು. "ಬರೀ ನೋಡ್ಕೊಂಡ್ ಬಂದ್ರೆ ಏನೋ ಗೊತ್ತಾಗತ್ತೆ? ತಗೊಳೋ ಪದಾರ್ಥನ ಪರೀಕ್ಷೆ ಮಾಡ್ಬೇಕು ಕಣೋ! ತಿಪಟೂರಲ್ಲಿ ಹುಟ್ಟಿದೀಯ, ಕೊಬ್ಬರಿ ಕಾಯಿ ಹೆಂಗೆ ತಗೋತಾರೆ ನೋಡಿಲ್ವಾ? ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡಲ್ವಾ?"

"ಬಿಡಮ್ಮ, ಇನ್ನೊಂದ್ ಸಲಕ್ಕೆ ಹಂಗೇ ಮಾಡ್ತೀನಿ!"

ನಮ್ಮೂರ ಪದ್ಧತಿ ಗೊತ್ತಲ್ಲ. ತೆಂಗಿನಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಕಿಡುತ್ತಾರೆ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟರೆ ಅಲ್ಲಾಡಿಸಿದಾಗ ಲೊಡಲೊಡ ಅನ್ನುತ್ತದೆ. ಅನ್ನದಿದ್ದರೆ ಇನ್ನೂ ಹಸಿ ಅಂತ ಲೆಕ್ಕ. ಈ ಊರಿನ ಎಳೆ ಕೂಸಿಗೂ ಇದು ಗೊತ್ತು. ಆ ಶಾಸ್ತ್ರವನ್ನು ಕಂಪ್ಯೂಟರಿಗೆ ಹಚ್ಚಿದವನು ಮಾತ್ರ ಕಲ್ಲೇಶಿ ಒಬ್ಬನೇ.

ಮಾರನೇ ದಿನ ಹೋದ. ಮಾತಿಲ್ಲ ಕತೆಯಿಲ್ಲ, ಎಂಟು ಕೋರಿನ ಮಿಷನ್ನನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಒಂದು ಸಲ ಆ ಕಿವಿಗೆ. ಒಂದು ಸಲ ಈ ಕಿವಿಗೆ.

"ಏಯ್! ಏಯ್! ಏನೋ ಮಾಡ್ತಿದೀಯ!" ಅಂತ ರೇಣುಕಪ್ಪ ಗಲ್ಲಾ ಪೆಟ್ಟಿಗೆ ಬಿಟ್ಟು ಓಡಿಬಂದ.

"ಇದರಲ್ಲಿ ಎಂಟು ಇದೆ ಅಂದ್ರಿ. ಒಂದೂ ಲೊಡಲೊಡ ಅಂತಿಲ್ಲ. ಎಂಟೂ ಹಸಿ! ಇನ್ನೂ ಅಟ್ಟದ ಮೇಲೆ ಒಣಗ್ಬೇಕು ರೇಣುಕಪ್ಪಣ್ಣ."

"ಇಳ್ಸೋ ಕೆಳಗೆ! ಅದೇನು ತೆಂಗಿನಕಾಯೇನೋ? ಒಳಗಿರೋರು ಕೆಲಸಗಾರರು ಅಂತ ತಿಳ್ಕೋ. ನಿಮ್ ಹಳೇದ್ರಲ್ಲಿ ಇಬ್ಬರು ಕೂತಿದಾರೆ. ಇದರಲ್ಲಿ ಎಂಟು ಜನ ಕೂತಿದಾರೆ. ಗೊತ್ತಾಯ್ತಾ?"

ಕಲ್ಲೇಶಿಯ ಮುಖ ಬಿಳಿಚಿಕೊಂಡಿತು. ಮಿಷನ್ನನ್ನು ಮೆಲ್ಲಗೆ, ಮೊಟ್ಟೆ ಇಟ್ಟ ಹಾಗೆ ಕೆಳಗಿಟ್ಟ. ಬಗ್ಗಿ, ಗಾಳಿ ಹೋಗುವ ಕಿಂಡಿಗೆ ಬಾಯಿ ಇಟ್ಟು, "ತಪ್ಪಾಯ್ತು ಕಣ್ರಪ್ಪಾ! ತಲೆ ಗಿಲೆ ತಿರುಗ್ತಾ?" ಅಂದ.

ಮನೆಗೆ ಸುದ್ದಿ ಕಲ್ಲೇಶಿಗಿಂತ ಮುಂಚೆ ಬಂದಿತ್ತು. ತಾಯಿ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ ಕರ್ಮವೇ! ಮಿಷನ್ ಅಲ್ಲಾಡಿಸ್ತಾರೇನೋ? ಮಿಷನ್ ಯೋಗ್ಯತೆ ಗೊತ್ತಾಗೋದು ಕೆಲಸ ಕೊಟ್ಟಾಗ ಕಣೋ! ಅದರ ಮುಂದೂ ನಮ್ಮನೆ ಕೆಲಸ ಇಡ್ಬೇಕು, ನಮ್ ಹಳೇದರ ಮುಂದೂ ಅದೇ ಕೆಲಸ ಇಡ್ಬೇಕು. ಯಾವುದು ಮೊದ್ಲು ಮುಗಿಸತ್ತೆ ಅಂತ ನೋಡ್ಬೇಕು!"

"ಬಿಡಮ್ಮ, ಇನ್ನೊಂದ್ ಸಲಕ್ಕೆ ಹಂಗೇ ಮಾಡ್ತೀನಿ!"

ಮನೆ ಕೆಲಸ! ಆ ದಿನಗಳಲ್ಲಿ ಮನೆಯಲ್ಲಿ ಇದ್ದ ಕೆಲಸ ಯಾವುದು? ಸಂಕ್ರಾಂತಿ ಹತ್ತಿರ, ಅವರೆಕಾಯಿ ಕಾಲ. ರಾತ್ರಿ ಕಾಳು ನೆನೆಹಾಕುವುದು, ಬೆಳಿಗ್ಗೆ ಕೂತು ಒಂದೊಂದೇ ಕಾಳು ಹಿಡಿದು ಪಿಚಕ್ ಅಂತ ಸಿಪ್ಪೆಯಿಂದ ಹಿತುಕುವುದು. ಬೆರಳು ಸೋಲುತ್ತದೆ, ಪಾತ್ರೆ ಮಾತ್ರ ತುಂಬುವುದಿಲ್ಲ. ಕಲ್ಲೇಶಿ ನೆನೆಸಿದ ಕಾಳನ್ನು ಎರಡು ಪಾಲು ಮಾಡಿದ. ಒಂದು ಪಾಲನ್ನು ಮೊರದಲ್ಲಿ ಹಾಕಿ ಹಳೇ ಕಂಪ್ಯೂಟರಿನ ಮುಂದೆ ಇಟ್ಟ. ಇನ್ನೊಂದು ಪಾಲನ್ನು ಬುಟ್ಟಿಯಲ್ಲಿ ಹೊತ್ತು ರೇಣುಕಪ್ಪನ ಅಂಗಡಿಗೆ ಹೋಗಿ ಎಂಟು ಕೋರಿನ ಮುಂದೆ ಇಟ್ಟ. "ಹೂಂ, ಶುರು ಹಚ್ಕೊಳಿ" ಅಂದ.

ಯಾವುದು ಮೊದಲು ಮುಗಿಸುತ್ತದೆ ಅಂತ ನೋಡಬೇಕಲ್ಲ? ಈ ಬೀದಿಗೆ ಓಡಿದ, ಆ ಬೀದಿಗೆ ಓಡಿದ. ಮತ್ತೆ ಈ ಬೀದಿಗೆ, ಮತ್ತೆ ಆ ಬೀದಿಗೆ. ಏದುಸಿರು! "ಏನಯ್ಯ ಕಲ್ಲೇಶಿ, ಏನು ಓಟ?" ಅಂದೆ ನಾನು. "ಪರೀಕ್ಷೆ ಮೇಷ್ಟ್ರೇ, ಪರೀಕ್ಷೆ!" ಅಂತ ಓಡಿಯೇಬಿಟ್ಟ. ಅಷ್ಟರಲ್ಲಿ ಪಕ್ಕದ ಹೋಟೆಲಿನ ಮೇಕೆ ಜಗಲಿ ಹತ್ತಿ ಅಂಗಡಿಯೊಳಗೆ ಹೋಯಿತು. ನಾನು ಪೇಪರಿನ ಎರಡನೇ ಪುಟದಲ್ಲಿದ್ದೆ, ನೋಡಲಿಲ್ಲ. ಸರ್ವಮಂಗಳಮ್ಮ ನೀರು ಹಿಡಿಯುತ್ತಿದ್ದಳು, ನೋಡಲಿಲ್ಲ. ಕಲ್ಲೇಶಿ ವಾಪಸು ಬಂದು ಮೊರ ನೋಡಿದವನೇ ಚಪ್ಪಾಳೆ ತಟ್ಟಿಕೊಂಡು ಕುಣಿದ.

"ಅಮ್ಮಾ! ಅಮ್ಮಾ! ನಮ್ದೇ ಗೆಲ್ತು! ನಮ್ ಹಳೇದು ಒಂದ್ ಕಾಳೂ ಬಿಡದಂಗೆ ಮುಗಿಸ್ಬಿಟ್ಟಿದೆ! ಅಲ್ಲಿ ಆ ಎಂಟು ಸೋಮಾರಿಗಳು ಒಂದ್ ಕಾಳೂ ಮುಟ್ಟಿಲ್ಲ!"

ತಾಯಿ ಮೊರ ನೋಡಿದಳು. ಮೇಕೆಯ ಗಡ್ಡಕ್ಕೆ ಅಂಟಿದ್ದ ಸಿಪ್ಪೆ ನೋಡಿದಳು. ಮಗನ ಮುಖ ನೋಡಿದಳು. ಹಣೆ ಹಣೆ ಬಡಿದುಕೊಂಡಳು.

"ಅವರೆಕಾಳಲ್ಲ ಕಣೋ ಮಂಕೇ, ಅಂಗಡಿ ಕೆಲಸ! ಲಗ್ನಪತ್ರಿಕೆ ಕೆಲಸ! ನಮ್ ಅಂಗಡಿ ಕೆಲಸಕ್ಕೆ ಎಂಟು ಜನ ಕೂತ್ರೆ ಎಷ್ಟು ಬೇಗ ಆಗತ್ತೆ, ಅದನ್ನ ನೋಡ್ಬೇಕಾಗಿರೋದು!"

"ಬಿಡಮ್ಮ, ಇನ್ನೊಂದ್ ಸಲಕ್ಕೆ ಹಂಗೇ ಮಾಡ್ತೀನಿ!"

"ಇನ್ನೊಂದ್ ಸಲ ಇಲ್ಲಪ್ಪ, ಸಾಕು," ಅಂದಳು ಸರ್ವಮಂಗಳಮ್ಮ. ದನಿ ಸೋತಿತ್ತು. "ಹಬ್ಬದ ಹಿಂದಿನ ದಿನ ರೇಣುಕಪ್ಪ ಮಿಷನ್ ತಂದು ಕೂರಿಸ್ತಾನಂತೆ. ತಗೊಂಡ್ಬಿಡೋದೇ. ಸರ ಹೋದ್ರೆ ಹೋಗ್ಲಿ, ಅಂಗಡಿ ಉಳೀಲಿ."

ಆ ದಿನ ಬಂತು. ಸರ್ವಮಂಗಳಮ್ಮ ಸ್ನಾನ ಮಾಡಿ, ವಿಭೂತಿ ಇಟ್ಟು, ದೇವರ ಮುಂದೆ ಸರ ಬಿಚ್ಚಿ ಕರ್ಚೀಫಿನಲ್ಲಿ ಗಂಟು ಕಟ್ಟಿದಳು. ಬೋಳು ಕೊರಳಲ್ಲಿ ಆಕೆಯನ್ನು ನೋಡಿದ್ದು ನಾನು ಅದೇ ಮೊದಲು. ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡೆ. ರೇಣುಕಪ್ಪ ಸ್ಕೂಟರಿನ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಜಗಲಿಯ ಮೇಲಿಟ್ಟ. "ಹಳೇದ್ರಲ್ಲಿ ಈ ಒಂದು ಕಾರ್ಡು ಮುಗಿಸ್ಬಿಡ್ತೀನಿ, ಆಮೇಲೆ ಬಿಚ್ಚಣ್ಣ" ಅಂದಳು ಆಕೆ. ಗುಬ್ಬಿ ಕಡೆಯ ಪಂಚಾಕ್ಷರಯ್ಯ ಮಗಳ ಲಗ್ನಪತ್ರಿಕೆಗೆ ಅಂತ ಬೆಳಿಗ್ಗೆಯೇ ಬಂದು ಕೂತಿದ್ದರು.

ಅಷ್ಟರಲ್ಲಿ ಕಲ್ಲೇಶಿ ಬಂದ. ಒಬ್ಬನೇ ಅಲ್ಲ, ಹಿಂದೆ ಒಂದು ದಿಬ್ಬಣ! ಹೂ ಮಾರುವ ಪುಟ್ಟಲಿಂಗಮ್ಮ, ಎದುರಿನ ವಿಡಿಯೋ ಅಂಗಡಿಯ ಉಮಾಪತಿ, ಬಸ್ಸಿಗೆ ಕಾದು ನಿಂತಿದ್ದ ಐದು ಜನ ಗುರುತಿಲ್ಲದವರು.

"ಯಾರೋ ಇವರೆಲ್ಲ?"

"ಎಂಟು ಜನ ಕಣಮ್ಮ! ನಮ್ ಅಂಗಡಿ ಕೆಲಸಕ್ಕೆ!" ಅಂತ ಎಣಿಸಿದ. ಏಳೇ ಇದ್ದರು. ಸುತ್ತ ನೋಡಿದ. ನನ್ನ ಕೈಯಿಂದ ಪೇಪರು ಕಿತ್ತು, ರಟ್ಟೆ ಹಿಡಿದು ಎಬ್ಬಿಸಿದ. "ಮೇಷ್ಟ್ರೇ, ನೀವು ಎಂಟು!"

ಎಂಟು ಜನರನ್ನೂ ಆ ಒಂದು ಕಂಪ್ಯೂಟರಿನ ಸುತ್ತ ಒತ್ತೊತ್ತಾಗಿ ಕೂರಿಸಿದ. "ಹೂಂ, ಶುರು ಹಚ್ಕೊಳಿ!"

ಏನು ಶುರು ಹಚ್ಚಿಕೊಳ್ಳುವುದು? ಕೀಬೋರ್ಡು ಒಂದು. ಅದರ ಮೇಲೆ ಸರ್ವಮಂಗಳಮ್ಮನ ಕೈ. ಆಕೆ ಟೈಪು ಮಾಡುತ್ತಾಳೆ, ನಾವು ಎಂಟು ಜನ ನೋಡುತ್ತೇವೆ. ಪುಟ್ಟಲಿಂಗಮ್ಮ ಆಕಳಿಸಿದಳು. ಬಸ್ಸಿನವನೊಬ್ಬ, "ಆ ಗಣಪತಿ ಸ್ವಲ್ಪ ಎಡಕ್ಕೆ ಬರ್ಲಿ" ಅಂದ. ಇನ್ನೊಬ್ಬ, "ಬಲಕ್ಕಿದ್ರೇ ಚೆಂದ" ಅಂದ. ವಧು ಆಯಿತು, ವರ ಆಯಿತು, ಮುಹೂರ್ತ ಆಯಿತು. ಚಕಚಕ ಆಯಿತು, ನಿಜ! ಆಮೇಲೆ 'ತಮ್ಮ ಸುಖಾಗಮನವನ್ನು ಬಯಸುವವರು' ಅಂತ ಬಂತು ನೋಡಿ. ಅಲ್ಲಿ ನಿಂತಿತು.

"ಮೊದ್ಲು ನಮ್ ದೊಡ್ಡ ಭಾವನ ಹೆಸರು ಹಾಕಿ," ಅಂದರು ಪಂಚಾಕ್ಷರಯ್ಯ.

ಹಾಕಿದಳು.

"ತಡೀರಿ ತಡೀರಿ. ಸಣ್ಣ ಭಾವ ಬೇಜಾರು ಮಾಡ್ಕೋತಾರೆ. ಇಬ್ರುದೂ ಅಕ್ಕಪಕ್ಕ ಹಾಕಿ."

ಹಾಕಿದಳು.

"ಹಂಗಾದ್ರೆ ಚಿಕ್ಕಪ್ಪ ಕೆಳಗೆ ಹೋಗ್ಬಿಡ್ತಾರಲ್ಲ! ತಡೀರಿ, ಮನೇಲಿ ಕೇಳ್ತೀನಿ" ಅಂತ ಫೋನು ಹಚ್ಚಿದರು. ಫೋನಿನಲ್ಲಿ ಅವರ ಹೆಂಡತಿ. ಹೆಂಡತಿಯ ಪಕ್ಕ ನಾದಿನಿ. ಮಾತು ಹತ್ತಿತು. ಪರದೆಯ ಮೇಲೆ ಆ ಸಣ್ಣ ಗೆರೆ ಮಿಣುಕ್ ಮಿಣುಕ್ ಅಂತ ಕಾಯುತ್ತಿದೆ. ಮಿಣುಕ್. ಮಿಣುಕ್. ನಾವು ಎಂಟು ಜನ ಕಾಯುತ್ತಿದ್ದೇವೆ. ಸರ್ವಮಂಗಳಮ್ಮ ಕೈ ಎತ್ತಿಕೊಂಡು ಕಾಯುತ್ತಿದ್ದಾಳೆ.

"ಅಮ್ಮಾ," ಅಂದ ಕಲ್ಲೇಶಿ, "ಎಂಟು ಜನ ಕೂತ್ರೂ ಬೇಗ ಆಗ್ತಿಲ್ವಲ್ಲಮ್ಮ? ಇನ್ನೂ ಎಂಟು ಜನ ಕರ್ಕೊಂಡ್ ಬರ್ಲಾ?"

ಸರ್ವಮಂಗಳಮ್ಮ ಹಣೆ ಬಡಿದುಕೊಳ್ಳಲು ಕೈ ಎತ್ತಿದಳು. ಕೈ ಅಲ್ಲೇ ನಿಂತಿತು! ಮಗನನ್ನು ನೋಡಿದಳು. ನಮ್ಮ ಎಂಟು ಮುಖ ನೋಡಿದಳು. ಮಿಣುಕುವ ಗೆರೆ ನೋಡಿದಳು.

"ಏಳ್ರಪ್ಪ ಎಲ್ರೂ," ಅಂದಳು. "ಒಳಗೆ ಬನ್ನಿ. ಅಲ್ಲೊಂದ್ ಕೊಳಗ ಅವರೆಕಾಳು ನೆನೆದಿದೆ. ಕೂತ್ಕೊಂಡು ಹಿತುಕಿ!"

ಯಾಕೆ ಏನು ಅಂತ ಕೇಳಲು ಬಿಡುವ ದನಿಯಲ್ಲ ಅದು. ಹೋದೆವು, ಕೂತೆವು, ಹಿತುಕಿದೆವು. ಪಿಚಕ್ ಪಿಚಕ್ ಪಿಚಕ್! ರಸಾಯನಶಾಸ್ತ್ರದ ಬೆರಳು, ಹೂ ಕಟ್ಟುವ ಬೆರಳು, ಬಸ್ಸು ಕಾಯುವ ಬೆರಳು, ಎಲ್ಲ ಒಟ್ಟಿಗೆ. ಆಕೆ ಒಬ್ಬಳೇ ಕೂತಿದ್ದರೆ ಮಧ್ಯಾಹ್ನ ದಾಟುತ್ತಿತ್ತು. ಪಂಚಾಕ್ಷರಯ್ಯನವರ ನಾದಿನಿ ಇನ್ನೂ ಫೋನಿನಲ್ಲಿರುವಾಗಲೇ ಕೊಳಗ ಖಾಲಿ!

ಸರ್ವಮಂಗಳಮ್ಮ ನಡುಮನೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಮುಖ ಹಬ್ಬದ ದೀಪ.

"ರೇಣುಕಪ್ಪಣ್ಣಾ, ಬಾ ಇಲ್ಲಿ. ಇದೇ ಎಂಟು ಜನ. ಅವರೆಕಾಳಿಗೆ ಕೂತ್ರೆ ಕಣ್ಣು ಮಿಟುಕಿಸೋದ್ರಲ್ಲಿ ಮುಗೀತು. ಲಗ್ನಪತ್ರಿಕೆಗೆ ಕೂತ್ರೆ ಆಕಳಿಸ್ತಾ ಕೂತ್ರು. ಕಾಳು ಹಂಚ್ಕೋಬಹುದು. ಪಂಚಾಕ್ಷರಯ್ಯನ ಭಾವಂದಿರನ್ನ ಹೆಂಗಪ್ಪ ಹಂಚೋದು? ತಡ ಆಗ್ತಿರೋದು ಮಿಷನ್ನಿಂದಲ್ಲ, ಮಿಷನ್ನೇ ನಮಗೆ ಕಾಯ್ತಾ ಕೂತಿದೆ! ಇಬ್ಬರಿಗೇ ಕೆಲಸ ಇಲ್ಲ ಅಲ್ಲಿ, ಎಂಟು ಜನ ಬಂದು ಏನ್ ಮಾಡ್ತಾರೆ?"

ರೇಣುಕಪ್ಪ ತಲೆ ಕೆರೆದುಕೊಂಡ. "ಅದೂ ನಿಜವೇ ಕಣಕ್ಕಾ. ಟೈಪಿಂಗಿಗೆ ಎರಡು ಕೋರು ಧಾರಾಳ. ಆದ್ರೆ ಪೆಟ್ಟಿಗೆ ತಂದ್ಬಿಟ್ಟೆನಲ್ಲ…"

ಆಗ ಉಮಾಪತಿ ಕೈ ಒರೆಸಿಕೊಂಡು ಎದ್ದ. "ನನಗೆ ಕೊಡಣ್ಣ ಅದನ್ನ! ನಂದು ಮದುವೆ ವಿಡಿಯೋ. ರಾತ್ರಿಯೆಲ್ಲ ಮಿಷನ್ ಹೊಡ್ಕೋತಾ ಇರತ್ತೆ, ನಾನು ಬಾಯಿ ಬಿಟ್ಕೊಂಡು ಕಾಯ್ತಾ ಇರ್ತೀನಿ. ನಂದು ಅವರೆಕಾಳಿನ ಥರದ ಕೆಲಸ. ತುಂಡು ತುಂಡು ಮಾಡಿ ಎಂಟು ಜನಕ್ಕೂ ಹಂಚ್ಬಹುದು!"

ನೋಡಿ ಹೇಗಿದೆ! ಮಾರುವವನಿಗೂ ನಷ್ಟವಿಲ್ಲ, ಕೊಳ್ಳುವವನಿಗೂ ನಷ್ಟವಿಲ್ಲ. ಸರ್ವಮಂಗಳಮ್ಮ ದೇವರ ಮನೆಗೆ ಹೋಗಿ ಕರ್ಚೀಫಿನ ಗಂಟು ಬಿಚ್ಚಿ, ಸರ ಹಾಕಿಕೊಂಡು ಬಂದಳು. ಅಂಗಡಿಗೆ ಹೋಗಿ ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸಿದಳು: "ಭಾವಂದಿರ ಹೆಸರು ಮನೆಯಲ್ಲೇ ತೀರ್ಮಾನಿಸಿಕೊಂಡು ಬರುವುದು." ಅಂದಿನಿಂದ ಒಂದು ಕಾರ್ಡು ಒಂದು ಕಾಫಿ ಆರುವುದರೊಳಗೆ ಮುಗಿಯುತ್ತಿದೆ. ಅದೇ ಮಿಷನ್ನಿನಲ್ಲಿ! ಅದೇ ಎರಡು ಕೋರಿನಲ್ಲಿ!

"ನನ್ ಮಗ ಕಣ್ರಿ ಪರೀಕ್ಷೆ ಮಾಡಿದ್ದು!" ಅಂತ ಆಕೆ ಕಲ್ಲೇಶಿಯ ಬೆನ್ನು ಸವರಿದಳು. ಹುಟ್ಟಿದಾಗಿನಿಂದ ಬೈಗುಳ ಕೇಳಿದ್ದ ಕಲ್ಲೇಶಿ, ಈಗಲೂ ಬೈಗುಳವೇ ಇರಬೇಕು ಅಂತ, "ಬಿಡಮ್ಮ, ಇನ್ನೊಂದ್ ಸಲಕ್ಕೆ…" ಅಂತ ಶುರು ಮಾಡಿದ. ನಾವೆಲ್ಲ ನಕ್ಕೆವು.

ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯುತ್ತದೆಯೆ? ಸಾರು ಕುದಿಯಿತು. ಮುದ್ದೆ ಆಯಿತು. ಹಿತುಕಿದ ಅವರೆ ಸಾರಿನ ಘಮ ಸ್ಟೇಷನ್ನಿನ ತನಕ ಹೋಯಿತು. ನಾವು ಎಂಟು ಜನ ನಡುಮನೆಯಲ್ಲಿ ಕಾಲು ತೊಳೆದುಕೊಂಡು ಸಾಲಾಗಿ ಕೂತೆವು. ಒಲೆಯ ಮುಂದಿನಿಂದಲೇ ಸರ್ವಮಂಗಳಮ್ಮ ಕೂಗಿದಳು:

"ರೇಣುಕಪ್ಪಣ್ಣ, ಆ ಪೆಟ್ಟಿಗೆ ಉಮಾಪತಿ ಅಂಗಡಿಗೆ ಸಾಗಿಸಪ್ಪ. ಕಲ್ಲೇಶೀ, ಆ ಎಂಟು ಜನಕ್ಕೂ ಎಲೆ ಹಾಕಿ ಬಡ್ಸು! ಹಬ್ಬದ ಹೊತ್ತಲ್ಲಿ ನಮ್ಮನೆಗೆ ಬಂದೋರು ಹಸ್ಕೊಂಡು ಹೋಗ್ಬಾರ್ದು!"

"ಆಗ್ಲಮ್ಮಾ!"

ಕಲ್ಲೇಶಿ ಮುತ್ತುಗದ ಎಲೆ ತಗೊಂಡ. ಮುದ್ದೆಯ ತಟ್ಟೆ, ಸಾರಿನ ಪಾತ್ರೆ ತಗೊಂಡ. ನಮ್ಮ ಮುಂದೆಯೇ ಹಾದು ಹೊರಗೆ ಹೋದ. ಬರುತ್ತಾನೆ ಅಂತ ಕಾದೆವು. ಬರಲಿಲ್ಲ. ಹೊರಗಿನಿಂದ ರೇಣುಕಪ್ಪನ ಕೂಗು: "ಬಿಡೋ ಮಾರಾಯ! ಪೆಟ್ಟಿಗೆ ತಗೊಂಡು ಹೋಗ್ಬೇಕು!"

ಎದ್ದು ಹೋಗಿ ನೋಡಿದೆವು. ಜಗಲಿಯ ಮೇಲೆ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಸುತ್ತ ಎಂಟು ಎಲೆ. ಎಲೆಗೊಂದು ಮುದ್ದೆ, ಮುದ್ದೆಯ ನಡುವೆ ಗುಳಿ, ಗುಳಿಯ ತುಂಬ ಹಿತುಕಿದ ಅವರೆ ಸಾರು. ಕಲ್ಲೇಶಿ ಮಂಡಿಯೂರಿ ಕೂತು ಪೆಟ್ಟಿಗೆಗೆ ಉಪಚಾರ ಹೇಳುತ್ತಿದ್ದಾನೆ: "ಏಳ್ರಪ್ಪ, ಊಟ ಮಾಡ್ರಪ್ಪ. ಅವತ್ತು ಅಲ್ಲಾಡಿಸಿದ್ದು ಮನಸ್ಸಲ್ಲಿಟ್ಕೋಬೇಡಿ. ಸಾರು ಆರೋಗತ್ತೆ!"

ಸರ್ವಮಂಗಳಮ್ಮ ಬಾಗಿಲಿಗೆ ಬಂದಳು. ಎಲೆ ನೋಡಿದಳು, ಪೆಟ್ಟಿಗೆ ನೋಡಿದಳು, ಹಸಿದು ನಿಂತ ನಮ್ಮ ಎಂಟು ಜನರನ್ನು ನೋಡಿದಳು. ಕೈ ಹಣೆಗೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಕೊರಳಿನ ಸರಕ್ಕೆ ಹೋಯಿತು.

"ಯಾಕೋ ಕಂದಾ, ಊಟ ಮಾಡ್ತಿಲ್ವಾ ಅವರು?"

ಕಲ್ಲೇಶಿ ತುಟಿಯ ಮೇಲೆ ಬೆರಳಿಟ್ಟುಕೊಂಡ. "ಶ್! ನಾಚ್ಕೊತಿದಾರೆ ಕಣಮ್ಮ. ಎಲ್ರೂ ಆ ಕಡೆ ತಿರುಗಿ ನಿಂತ್ಕೊಳಿ."

ತಿರುಗಿ ನಿಂತೆವು. ಏನು ಮಾಡುವುದು? ಪುಟ್ಟಲಿಂಗಮ್ಮ, ಉಮಾಪತಿ, ಬಸ್ಸು ತಪ್ಪಿಸಿಕೊಂಡ ಐವರು, ನಾನು, ಫೋನು ಹಿಡಿದ ಪಂಚಾಕ್ಷರಯ್ಯ, ಸ್ಕೂಟರಿನ ಕೀಲಿ ಹಿಡಿದ ರೇಣುಕಪ್ಪ, ಎಲ್ಲರೂ ಸ್ಟೇಷನ್ ರಸ್ತೆಗೆ ಮುಖ ಮಾಡಿ, ಭುಜ ಕುಲುಕಿಸುತ್ತ ನಿಂತೆವು. ನಮ್ಮ ಬೆನ್ನ ಹಿಂದೆ ಚಪ್ಪರಿಸುವ ಸದ್ದು ಕೇಳಿತು. ನಮ್ಮ ಜೊತೆಗೇ ತಿರುಗಿ ನಿಂತಿದ್ದ ಕಲ್ಲೇಶಿಯ ಮುಖ ಅರಳಿತು. "ನೋಡಿದ್ಯೇನಮ್ಮ! ಉಣ್ತಿದಾರೆ!" ನಾನು ಮೆಲ್ಲಗೆ ಓರೆಗಣ್ಣಿನಲ್ಲಿ ನೋಡಿದೆ. ಹೋಟೆಲಿನ ಮೇಕೆ ಮೂರನೇ ಎಲೆಯಲ್ಲಿತ್ತು.

ನಾನು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ದಿನ ಬೇಕಾದರೂ ಬರೆದುಕೊಳ್ಳಿ: ಎರಡು ಸಾವಿರದ ಇಪ್ಪತ್ತೈದನೆಯ ಇಸವಿ, ಜನವರಿ ಹದಿಮೂರು, ಸೋಮವಾರ, ಸಂಕ್ರಾಂತಿಯ ಹಿಂದಿನ ದಿನ.